ಸಲಹೆಯ ಸಾಲು

ಜನವರಿ 13, ಮಂಗಳವಾರ

ಸೆಮಿಸ್ಟರಿನ ಎರಡನೇ ದಿನಕ್ಕೇ ಕಾಪಿ ಮಷಿನ್ ಕೈಕೊಟ್ಟಿತು. ಮೆಟ್ಟಿಲ ತುಂಬಾ ಐಸ್, ಅದು ಕರಗಲೆಂದು ಎರಚಿದ ಉಪ್ಪು. ಆ ಉಪ್ಪು ಬೂಟಿನ ಜೊತೆ ಕ್ಲಾಸಿನೊಳಗೂ ಬಂದು ಇಡೀ ಗಂಟೆ ಕರಕರ. ಅಂತರ್ಯುದ್ಧದ ಪಾಠ. ಮೂವತ್ತೊಂದು ಜನ. ಇಬ್ಬರಿಗೆ ಆಗಲೇ ನಿದ್ದೆ.

ಸಿಲಬಸ್ ವೆಬ್‌ಸೈಟಿಗೆ ಹಾಕಿದೆ. ರಾಜ್ಯದ ಹೊಸ ಕಾನೂನು — ಯಾರು ಏನು ಪಾಠ ಮಾಡುತ್ತಾರೆ ಅಂತ ಯಾರು ಬೇಕಾದರೂ ತೆರೆದು ನೋಡಬಹುದು. ಇಪ್ಪತ್ತಾರು ವರ್ಷ ನನ್ನ ಸಿಲಬಸ್ಸನ್ನು ವಿದ್ಯಾರ್ಥಿಗಳೇ ಓದಲಿಲ್ಲ. ಈಗ ರಾಜ್ಯವೆಲ್ಲಾ ಕೂತು ಓದುತ್ತದಂತೆ. ಓದಲಿ.

ಮಧ್ಯಾಹ್ನ ಡೆಸ್ ಬಂದ. ಪಕ್ಕದ ಕೋಣೆಯ ಡೆಸ್ಮಂಡ್ ಪ್ಯೂ. ಹನ್ನೊಂದು ವರ್ಷದಿಂದ ಮೊದಲ ವರ್ಷದವರಿಗೆ ಅಮೆರಿಕದ ಇತಿಹಾಸ ಹೇಳುತ್ತಾನೆ, ನನಗಿಂತ ಚೆನ್ನಾಗಿ. ನನಗೆ ಟೆನ್ಯೂರ್ ಇದೆ, ಅಷ್ಟು ಸುಲಭಕ್ಕೆ ಯಾರೂ ಅಲುಗಾಡಿಸುವಂತಿಲ್ಲ. ಅವನದು ವರ್ಷ ವರ್ಷದ ಗುತ್ತಿಗೆ. ಪ್ರತಿ ವಸಂತಕ್ಕೆ ಒಂದು ಪತ್ರ, ಇನ್ನೊಂದು ವರ್ಷ ಇರು ಅಂತ.

"ಡೊರೀನ್, ನಿನ್ನ ಸಿಲಬಸ್ ನಮ್ಮಮ್ಮ ಓದಿದ್ಲು."

"ಏನಂದ್ರು?"

"ಇಷ್ಟೊಂದು ಓದಿಸ್ತಾಳಲ್ಲ, ಪಾಪ ಆ ಮಕ್ಕಳು, ಅಂದ್ಲು."

ಕಾಪಿ ಮಷಿನ್ ರಿಪೇರಿಯೂ ಅವನೇ ಮಾಡಿದ. ಒಳಗೆ ಸ್ಟೇಪಲ್ ಪಿನ್ ಸಿಕ್ಕಿಕೊಂಡಿತ್ತು.

ಜನವರಿ 22, ಗುರುವಾರ

ಬ್ರೆಂಟ್ ಸ್ಟ್ಯಾಂಗ್ಲ್ ಕರೆಸಿದ. ಉಪ ಡೀನ್. ಒಂದು ಕಾಲದಲ್ಲಿ ನಮ್ಮ ಇಲಾಖೆಯವನೇ. ಕಾಫಿ ಕೊಟ್ಟ. ಬ್ರೆಂಟ್ ಕಾಫಿ ಕೊಟ್ಟರೆ ಕೆಟ್ಟ ಸುದ್ದಿ ಅಂತ ಎಲ್ಲರಿಗೂ ಗೊತ್ತು.

ಡೆಸ್ ಮೇಲೆ ದೂರು ಬಂದಿದೆ. ಕ್ಲಾಸಿನಲ್ಲಿ ಎಲ್ಲಾ ಅಭಿಪ್ರಾಯಕ್ಕೂ ಜಾಗ ಕೊಡಬೇಕು ಅಂತಲೂ ಆ ಹೊಸ ಕಾನೂನಿನಲ್ಲಿದೆ. ಹೋದ ಸೆಮಿಸ್ಟರಿನ ವಿದ್ಯಾರ್ಥಿ ಯಾರೋ ಅದರ ದೂರಿನ ಆನ್‌ಲೈನ್ ಫಾರಂ ತುಂಬಿದ್ದಾರೆ. ಹೆಸರಿಲ್ಲ. "ಬೇರೆ ಅಭಿಪ್ರಾಯಕ್ಕೆ ಜಾಗ ಕೊಡುವುದಿಲ್ಲ." ಇದೊಂದೇ ಆಗಿದ್ದರೆ ಏನೂ ಆಗುತ್ತಿರಲಿಲ್ಲವಂತೆ. ಹಿಂದಿನ ದಾಖಲೆಯಲ್ಲೂ ಅದೇ ಮಾತು ಇದ್ದರೆ ಮಾತ್ರ ವಿಚಾರಣೆ. ಇದೆಯಂತೆ. ಮುಂದೆ ಒಂದು ಹಾಳೆ ತಳ್ಳಿದ, ಹಳದಿ ಬಣ್ಣ ಬಳಿದದ್ದು.

"ಭಿನ್ನ ಅಭಿಪ್ರಾಯ ಇರುವ ವಿದ್ಯಾರ್ಥಿಗಳಿಗೆ ಮಾತಾಡಲು ಇನ್ನಷ್ಟು ಅವಕಾಶ ಕೊಟ್ಟರೆ ಒಳ್ಳೆಯದು."

ಕೆಳಗೆ ನನ್ನ ಸಹಿ. ಮೂರು ವರ್ಷದ ಹಿಂದಿನದು.

"ಇದು ನಿಮ್ದೇ ಅಲ್ವಾ, ಡೊರೀನ್?"

"ನಂದೇ. ಆದ್ರೆ ಅದು... ಸಲಹೆ ಅಷ್ಟೇ, ಬ್ರೆಂಟ್."

"ಕ್ಲಾಸಲ್ಲಿ ನೋಡಿದ್ದನ್ನೇ ತಾನೇ ಬರೆದಿದ್ದು?"

ಕಾಫಿ ಕೆಳಗಿಟ್ಟೆ. ಅವನಿಗೆ ಗೊತ್ತಿಲ್ಲದ್ದೇನೂ ಅಲ್ಲ. ನಮ್ಮಲ್ಲಿ ನಡೆದುಕೊಂಡು ಬಂದದ್ದೇ ಹೀಗೆ — ಗುತ್ತಿಗೆಯವರ ಕ್ಲಾಸಿನಲ್ಲಿ ಟೆನ್ಯೂರಿನವರೊಬ್ಬರು ಹಿಂದೆ ಕೂತು ನೋಡಿ ಪತ್ರ ಬರೆಯಬೇಕು. ಮೂರು ಪ್ಯಾರಾ. ಎರಡರಲ್ಲಿ ಹೊಗಳಿಕೆ, ಮೂರನೆಯದರಲ್ಲಿ ಸಲಹೆ. ಬರೀ ಹೊಗಳಿದರೆ ಸಮಿತಿ ನಂಬುವುದಿಲ್ಲ, ಸ್ನೇಹಕ್ಕೆ ಬರೆದದ್ದು ಅನ್ನುತ್ತದೆ. ಅದಕ್ಕೇ ಏನಾದರೊಂದು ಸಣ್ಣ ಕೊರತೆ ಹುಡುಕಿ ಹಾಕುವುದು. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಹಾಗೆ. ಇಪ್ಪತ್ತಾರು ವರ್ಷದಲ್ಲಿ ನಲವತ್ತು ಪತ್ರವಾದರೂ ಬರೆದಿದ್ದೇನೆ. ನಲವತ್ತು ಬೊಟ್ಟು.

ಬ್ರೆಂಟ್‌ಗೂ ಒಂದು ಇಟ್ಟಿದ್ದೆ. ಬೋರ್ಡಿನ ಮೇಲೆ ಅಕ್ಷರ ಇನ್ನೂ ದೊಡ್ಡದಿದ್ದರೆ ಒಳ್ಳೆಯದು, ಅಂತ.

ಮಾರ್ಚ್ ಐದಕ್ಕೆ ವಿಚಾರಣೆ. ನಾನೇ ಸಾಕ್ಷಿ. ಯಾರ ಕಡೆಯ ಸಾಕ್ಷಿ ಅಂತ ಕೇಳಿದೆ. "ದಾಖಲೆಯ ಕಡೆ" ಅಂದ. ಅರ್ಥವಾಗಲಿಲ್ಲ. ಅರ್ಥವಾದ ಹಾಗೆ ತಲೆಯಾಡಿಸಿ ಬಂದೆ.

ಫೆಬ್ರವರಿ 1, ಭಾನುವಾರ

ಹತ್ತು ದಿನವಾಯಿತು. ಡೆಸ್‌ಗೆ ಹೇಳಿಲ್ಲ. ದಿನಾ ಎದುರು ಸಿಗುತ್ತಾನೆ. ದಿನಾ ಹವಾಮಾನ ಮಾತಾಡುತ್ತೇನೆ. ಹೇಡಿ ನಾನು.

ತಿಂಡಿಗೆ ವರ್ನ್ ಪ್ಯಾನ್‌ಕೇಕ್ ಮಾಡಿದ್ದ. ಎಲ್ಲಾ ಹೇಳಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕುಸ್ತಿ ಕಲಿಸಿದ ಗಂಡ. ಅವನಿಗೆ ಎಲ್ಲವೂ ಬೆನ್ನು ನೆಲಕ್ಕೆ ತಾಗಿತೋ ಇಲ್ಲವೋ ಅನ್ನುವ ಲೆಕ್ಕ.

"ನೀನು ಬರೆದಿದ್ದು ನಿಜಾನಾ, ಸುಳ್ಳಾ? ಎರಡರಲ್ಲಿ ಒಂದು ಹೇಳು."

"ಎರಡೂ ಅಲ್ಲ. ಪದ್ಧತಿ."

"ಕುಸ್ತೀಲಿ ಅಂಥದ್ದೊಂದು ಇಲ್ಲಮ್ಮ."

"ಇದು ಕುಸ್ತಿ ಅಲ್ಲ, ವರ್ನ್!"

"ಮತ್ತೆ ಆ ಹುಡುಗ ಯಾಕೆ ಕೆಳಗೆ ಬಿದ್ದಿದಾನೆ?"

ಡೆಸ್‌ಗೆ ನಲವತ್ತೇಳು. ವರ್ನ್‌ಗೆ ಅವನು ಹುಡುಗನೇ. ಸಿರಪ್ ಬಾಟ್ಲಿಯನ್ನು ಮೇಜಿನ ಮೇಲೆ ಕುಕ್ಕಿದೆ. ಎದ್ದು ಹೋಗಿ ಬಟ್ಟೆ ಮಡಿಸಿದೆ. ಒಗೆಯದ ಬಟ್ಟೆ.

ಫೆಬ್ರವರಿ 3, ಮಂಗಳವಾರ

ನಾನು ಹೇಳಬೇಕಾಗಲಿಲ್ಲ. ಅವನಿಗೆ ನೋಟಿಸ್ ಬಂತು. ಜೊತೆಗೆ ನನ್ನ ಪತ್ರದ ಪ್ರತಿ, ಹಳದಿ ಬಣ್ಣ ಸಮೇತ.

ಬಾಗಿಲಿಗೆ ಒರಗಿ ನಿಂತ. ಒಳಗೆ ಬರಲಿಲ್ಲ.

"ನನ್ನ ಟೈ ಸರಿ ಇಲ್ಲ ಅಂತ ಬರೀಬಾರ್ದಿತ್ತಾ, ಡೊರೀನ್? ನಿಜವಾಗ್ಲೂ ಸರಿ ಇರಲಿಲ್ಲ ಆವತ್ತು."

ನಗಿಸಲು ಹೇಳಿದ್ದು. ಅಳು ಬಂತು. ಆಗ ಒಳಗೆ ಬಂದು ಟಿಶ್ಯೂ ಡಬ್ಬಿ ಹುಡುಕಿ ಅವನೇ ಕೊಟ್ಟ.

"ನಿಂಗೆ ಮೊದಲೇ ಗೊತ್ತಿತ್ತಾ?"

"ಹನ್ನೆರಡು ದಿನದಿಂದ."

"ಹಾಂ... ಅದಕ್ಕೇ ಅಷ್ಟೊಂದು ಹಿಮದ ಮಾತು."

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಮ್ಮನಿಗೆ ಇನ್ನೂ ಹೇಳಿಲ್ಲವಂತೆ. ಅವಳು ಇವನ ಜೊತೆಗೇ ಇರುವುದು, ಊರಿನ ಚರ್ಚಿನಲ್ಲೆಲ್ಲಾ ಮಗ ಪ್ರೊಫೆಸರ್ ಅಂತ ಹೇಳಿಕೊಂಡು. ಈ ಕೆಲಸ ಹೋದರೆ ಇತಿಹಾಸ ಹೇಳುವ ಇನ್ನೊಂದು ಕೆಲಸ ಈ ವಯಸ್ಸಿನಲ್ಲಿ ಅವನಿಗೆ ಸಿಗುವುದಿಲ್ಲ. ಅವನಿಗೂ ಗೊತ್ತು, ನನಗೂ ಗೊತ್ತು.

ಅವನು ಹೋದ ಮೇಲೆ ಎಷ್ಟೋ ಹೊತ್ತು ಯೋಚಿಸಿದೆ. ಆವತ್ತು ಅವನ ಕ್ಲಾಸಿನಲ್ಲಿ ಏನು ನೋಡಿದೆ? ನೆನಪಿಲ್ಲ. ಟೈ ಕೂಡ ನೆನಪಿಲ್ಲ.

ಫೆಬ್ರವರಿ 11, ಬುಧವಾರ

ಅಧ್ಯಾಪಕರ ಸೆನೆಟ್ ಸಭೆ. ವಿಷಯ: ಬೋಧನಾ ಸ್ವಾತಂತ್ರ್ಯ. ಹೊಸ ಕಾನೂನಿನ ಬಗೆಗಿನ ನಿರ್ಣಯದಲ್ಲಿ "ಖಂಡಿಸುತ್ತದೆ" ಅಂತ ಇರಬೇಕೋ "ಕಳವಳ ವ್ಯಕ್ತಪಡಿಸುತ್ತದೆ" ಸಾಕೋ — ಐವತ್ತು ನಿಮಿಷ. "ತೀವ್ರ ಕಳವಳ" ಅಂತ ಒಬ್ಬರು ತಿದ್ದುಪಡಿ ತಂದರು. ತಿದ್ದುಪಡಿಗೆ ತಿದ್ದುಪಡಿ ಬಂತು.

ರಸಾಯನಶಾಸ್ತ್ರದ ಮುದುಕರೊಬ್ಬರು ಎದ್ದು ಕೇಳಿದರು, "ಕ್ಲಾಸಲ್ಲಿ ನಮಗೆ ಬೇಕಾದ್ದು ಹೇಳೋದು ಸ್ವಾತಂತ್ರ್ಯ ಅಂದ್ರೆ, ಆ ಮಗು ದೂರು ಬರೆಯೋದು ಏನ್ರೀ?" ಎಲ್ಲರೂ ಹೋ ಅಂತ ಕೂಗಿದರು. ನನಗೆ ಅವರು ಸರಿ ಅನ್ನಿಸಿತು. ಆಮೇಲೆ ಎದ್ದ ಸಮಾಜಶಾಸ್ತ್ರದವಳು, "ದೂರು ಮಗು ಬರೆದಿದ್ದು, ಫಾರಂ ಬರೆದಿದ್ದು ಯಾರು?" ಅಂದಳು. ಅವಳೂ ಸರಿ ಅನ್ನಿಸಿತು. ನನಗೆ ಏನಾಗಿದೆ? ಮಾತಾಡಿದವರೆಲ್ಲಾ ಸರಿ ಅನ್ನಿಸುತ್ತಾರೆ, ಕೂತ ತಕ್ಷಣ ತಪ್ಪು ಅನ್ನಿಸುತ್ತಾರೆ.

ಮತಕ್ಕೆ ಹಾಕುವ ಹೊತ್ತಿಗೆ ಬ್ಯಾಸ್ಕೆಟ್‌ಬಾಲ್ ಪಂದ್ಯ ಶುರುವಾಗುವುದಿತ್ತು. ಅರ್ಧ ಜನ ಕೋಟು ಹಾಕಿಕೊಂಡು ಎದ್ದರು. ಕೋರಂ ಇಲ್ಲ. ನಿರ್ಣಯ ಮುಂದಿನ ತಿಂಗಳಿಗೆ.

ಎರಡು ಗಂಟೆಯಲ್ಲಿ ಡೆಸ್ ಹೆಸರು ಒಂದು ಸಲವೂ ಬರಲಿಲ್ಲ. ನನ್ನ ಬಾಯಿಂದಲೂ.

ಫೆಬ್ರವರಿ 15, ಭಾನುವಾರ

ಸಿಕ್ಕಿತು.

ಇದೇ ಪುಸ್ತಕದಲ್ಲಿ. ನಾನು ಬರೆಯುವುದೇ ಅಪರೂಪ, ಒಂದು ದಪ್ಪ ಪುಸ್ತಕ ನಾಲ್ಕು ವರ್ಷದಿಂದ ಮುಗಿದಿಲ್ಲ. ಹಿಂದಕ್ಕೆ ಮಗುಚುತ್ತಾ ಹೋದೆ. ಮೂರು ವರ್ಷದ ಹಿಂದಿನ ಅಕ್ಟೋಬರ್ 18. ಹಾಗೇ ಇಲ್ಲಿ ಇಳಿಸುತ್ತೇನೆ:

"ಡೆಸ್ ಕ್ಲಾಸು ನೋಡಿದೆ. ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿತ್ತು. ಎಲ್ಲರೂ ಮಾತಾಡಿದರು, ಜಗಳವಾಡಿದರು, ಗಂಟೆ ಮುಗಿದರೂ ಏಳಲಿಲ್ಲ. ಪತ್ರ ಇವತ್ತೇ ಕೊಡಬೇಕು. ಸಲಹೆಗೆ ಏನೂ ಸಿಗಲಿಲ್ಲ. ಹಿಂದೆ ಬೇರೆಯವರಿಗೆ ಬರೆದ ಪತ್ರದ ಸಾಲನ್ನೇ ಎತ್ತಿ ಹಾಕಿದೆ. ಯಾರು ಓದುತ್ತಾರೆ? ರಾತ್ರಿಗೆ ಬೀನ್ಸಿನ ಚಿಲಿ, ಜೋಳದ ಬ್ರೆಡ್ಡು."

ಯಾರು ಓದುತ್ತಾರೆ!

ಮೊದಲು ಖುಷಿಯಿಂದ ವರ್ನ್‌ನನ್ನು ಕೂಗಿದೆ. ಓದಿ ಹೇಳಿದೆ.

"ಸರಿ ಮತ್ತೆ. ಸುಳ್ಳು ಅಂತ ಆಯ್ತಲ್ಲ. ಹೋಗಿ ಹೇಳು" ಅಂದ.

ಹೇಳಬಹುದು. ಸಹಿ ಹಾಕಿದ ಪತ್ರದಲ್ಲಿ ನೋಡದ್ದನ್ನು ಬರೆದೆ ಅಂತ. ಹಾಗಾದರೆ ಉಳಿದ ಮೂವತ್ತೊಂಬತ್ತು ಪತ್ರ? ಅವುಗಳ ಮೇಲೆ ಕೆಲಸ ಗಟ್ಟಿ ಮಾಡಿಕೊಂಡವರು? ಹೊಗಳಿದ್ದಾದರೂ ನಿಜವೋ ಅಂತ ಕೇಳಿದರೆ? ನಿಜವೇ... ಅಂದುಕೊಂಡಿದ್ದೇನೆ.

ಫೆಬ್ರವರಿ 19, ಗುರುವಾರ, ಮಧ್ಯಾಹ್ನ 3

ಈಗಷ್ಟೇ ಹೋದಳು.

ಬ್ರಿನ್ ಹಾಲ್ಟರ್‌ಮನ್. ಅಂತರ್ಯುದ್ಧದ ಕ್ಲಾಸಿನವಳು, ಯಾವಾಗಲೂ ಮೂರನೇ ಸಾಲು, ಬಿತ್ತನೆ ಬೀಜದ ಕಂಪನಿಯ ಹೆಸರಿರುವ ಟೋಪಿ. ಪೇಪರ್ ವಿಷಯ ಕೇಳಲು ಬಂದವಳು ಎದ್ದು ಹೋಗುವಾಗ ಬಾಗಿಲು ಮುಚ್ಚಿ ಮತ್ತೆ ಕೂತಳು.

"ಪ್ರೊಫೆಸರ್ ಕ್ಲಾಸೆನ್, ಮಿಸ್ಟರ್ ಪ್ಯೂ ಕೆಲಸ ಹೋಗತ್ತಂತೆ, ನಿಜಾನಾ?"

"ಯಾರು ಹೇಳಿದ್ರು?"

"ಎಲ್ರೂ ಹೇಳ್ತಿದಾರೆ. ಆ ಫಾರಂ ತುಂಬಿದ್ದು ನಾನೇ."

ಯಾಕೆ ಅಂತಲೂ ಅವಳೇ ಹೇಳಿದಳು. ಹೋದ ಸೆಮಿಸ್ಟರಿನಲ್ಲಿ ಡೆಸ್ ಕ್ಲಾಸಿನಲ್ಲಿದ್ದಳಂತೆ. ನವೆಂಬರಿನ ಪಾಠ. ಈ ಕಡೆಯ ಹೊಲಗಳೆಲ್ಲಾ ಮೂಲ ನಿವಾಸಿಗಳಿಂದ ಕಿತ್ತುಕೊಂಡದ್ದು ಅಂತ ಡೆಸ್ ನಕ್ಷೆ ತೋರಿಸಿದ್ದ. ನಕ್ಷೆಯಲ್ಲಿ ಇವಳ ಮನೆಯ ಹೊಲವೂ ಇತ್ತು. ಮುತ್ತಜ್ಜನ ಹೊಲ.

"ಮೂರು ಸಲ ಕೈ ಎತ್ತಿದೆ. ನೋಡಲೇ ಇಲ್ಲ. ಮುಂದಿನ ಸ್ಲೈಡಿಗೆ ಹೋಗ್ಬಿಟ್ರು."

"ಏನು ಹೇಳಬೇಕಿತ್ತು? ಸುಳ್ಳು ಅಂತಾನಾ?"

"ಅಲ್ಲ! ಅದು ನಿಜಾನೇ ಇರಬಹುದು. ನಮ್ಮಪ್ಪನ ನಂತರ ಆ ಹೊಲ ನಂಗೆ ಬರತ್ತೆ. ಹಾಗಾದ್ರೆ ನಾನೀಗ ಏನು ಮಾಡಬೇಕು ಅಂತ ಕೇಳಬೇಕಿತ್ತು. ಅಷ್ಟೇ."

ಅಷ್ಟೇ.

"ಕೇಳೋಕೆ ಬಿಡಲಿಲ್ಲ ಅಂತ ಸಿಟ್ಟು ಬಂತು. ಫಾರಂ ಇತ್ತು, ತುಂಬಿದೆ. ಅದ್ರಲ್ಲಿ ಟಿಕ್ ಮಾಡೋಕೆ ಇದ್ದಿದ್ದೇ ಆ ಮಾತು, 'ಬೇರೆ ಅಭಿಪ್ರಾಯ' ಅಂತ. ಕೆಲಸ ಹೋಗತ್ತೆ ಅಂತ ಎಲ್ಲೂ ಬರೆದಿರಲಿಲ್ಲ." ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಿದ್ದಳು. "ವಾಪಸ್ ತಗೊಳ್ಳೋಕೆ ಹೋದೆ. ಆ ಬಟನ್ನೇ ಇಲ್ಲ."

ಅಂದರೆ ಅವಳು ಬರೆದದ್ದು ನಿಜ. ನಾನು ಮೂರು ವರ್ಷದ ಹಿಂದೆ ನೋಡದೆ ಬರೆದ ಸಾಲು ಈಗ ತಾನಾಗಿಯೇ ನಿಜವಾಗಿ ಕೂತಿದೆ. ಡೆಸ್ ಹೀಗೆ ಮಾಡುವವನಲ್ಲ. ಮಾಡಿದ್ದಾನೆ. ಯಾಕೆ? ಅವನನ್ನು ಕೇಳಲೇ? ಕೇಳಿದರೆ ಯಾರು ಹೇಳಿದರು ಅನ್ನುತ್ತಾನೆ. ಹೇಳಿದರೆ ಅವಳನ್ನು ಹಿಡಿದುಕೊಟ್ಟ ಹಾಗೆ. ಹೇಳದಿದ್ದರೆ ಇನ್ನೊಂದು ಸಲ ಹಿಮದ ಮಾತು...

ಫೆಬ್ರವರಿ 24, ಮಂಗಳವಾರ

ಬ್ರೆಂಟ್ ಹತ್ತಿರ ಹೋದೆ. ನಾನೇ. ಕಾಫಿ ಬೇಡ ಅಂದೆ.

"ಸಲಹೆ ಪ್ಯಾರಾ ಅಂದ್ರೆ ಏನು ಅಂತ ನಿಂಗೆ ಗೊತ್ತು, ಬ್ರೆಂಟ್. ನಿನ್ನ ಅಕ್ಷರದ ಬಗ್ಗೆ ನಾನೇ ಬರೆದಿದ್ದೆ. ಅದು ಸುಮ್ಮನೆ ಬರೆದಿದ್ದು."

ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ.

"ಸುಮ್ಮನೆನಾ? ನಾನು ಅದನ್ನ ನಂಬಿದ್ದೆ, ಡೊರೀನ್. ಒಂದು ಇಡೀ ಬೇಸಿಗೆ ಖಾಲಿ ಕ್ಲಾಸಲ್ಲಿ ನಿಂತು ದೊಡ್ಡದಾಗಿ ಬರೆಯೋದು ಅಭ್ಯಾಸ ಮಾಡ್ದೆ."

ಭೂಮಿಗಿಳಿದುಹೋದೆ. ಅವನನ್ನು ಇದೇ ಪುಸ್ತಕದಲ್ಲಿ ನೆನೆದ ಬಿಸ್ಕತ್ತು ಅಂತ ಬರೆದಿದ್ದೇನೆ, ಎಷ್ಟೋ ಸಲ.

ಸಾಕ್ಷ್ಯವಾಗಿ ದಿನಚರಿ ಕೊಡಬಹುದಾ ಅಂತ ಕೇಳಿದೆ. ಕೊಡಬಹುದಂತೆ. ಆದರೆ ಒಂದು ಪುಟ ಹರಿದು ಕೊಟ್ಟರೆ ನಡೆಯುವುದಿಲ್ಲ, ಪುಸ್ತಕ ಪೂರ್ತಿ ಬೇಕು. ಕೊಟ್ಟ ಮೇಲೆ ಅದು ಸರ್ಕಾರಿ ದಾಖಲೆ. ಯಾರು ಅರ್ಜಿ ಹಾಕಿದರೂ ಪ್ರತಿ ಸಿಗುತ್ತದೆ. ಹೆಸರುಗಳನ್ನು ಮುಚ್ಚುತ್ತಾರಂತೆ, ವಿದ್ಯಾರ್ಥಿಗಳದ್ದು ಮಾತ್ರ.

"ಯೋಚನೆ ಮಾಡಿ ಕೊಡಿ" ಅಂದ. ಮೆತ್ತಗೆ ಅಂದ. ಕೆಟ್ಟವನಲ್ಲ ಅವನು. ಯಾರೂ ಕೆಟ್ಟವರಲ್ಲ ಇದರಲ್ಲಿ, ಅದೇ ಕಷ್ಟ. ಒಬ್ಬ ಕೆಟ್ಟವನಿದ್ದಿದ್ದರೆ ಅವನ ಮೇಲೆ ಹಾಕಿ ನಿದ್ದೆ ಮಾಡುತ್ತಿದ್ದೆ.

ಪುಸ್ತಕ ಮೊದಲಿನಿಂದ ಓದಿದೆ. ವರ್ನ್‌ನ ಆಪರೇಷನ್. ಆ ವರ್ಷ ನಾವಿಬ್ಬರೂ ಮಾತು ಬಿಟ್ಟ ಆರು ವಾರ. ನನ್ನ ಹೊಟ್ಟೆಕಿಚ್ಚುಗಳು. ಅಕ್ಟೋಬರ್ 18, ಡೆಸ್‌ನನ್ನು ಉಳಿಸುವ ಪುಟ. ಫೆಬ್ರವರಿ 19, ಬ್ರಿನ್ ಬಂದ ದಿನ, ಡೆಸ್‌ನನ್ನು ಮುಳುಗಿಸುವ ಪುಟ. ಎರಡೂ ಒಂದೇ ಹೊಲಿಗೆಯಲ್ಲಿವೆ.

ವರ್ನ್‌ಗೆ ಹೇಳಿದೆ, ಆ ಆರು ವಾರವೂ ಇದೆ ಅಂತ. ಟಿವಿ ಸದ್ದು ಕಡಿಮೆ ಮಾಡಿದ.

"ಏನು ಬರೆದಿದ್ದೀಯ ನನ್ನ ಬಗ್ಗೆ?"

"ನಿಜ."

"ಹಾಗಾದ್ರೆ ಓದ್ಕೊಳ್ಳಲಿ ಬಿಡು" ಅಂದ. ಆಮೇಲೆ ಟಿವಿ ಸದ್ದನ್ನು ಮೊದಲಿಗಿಂತ ಜಾಸ್ತಿ ಮಾಡಿದ.

ಮಾರ್ಚ್ 3, ಮಂಗಳವಾರ

ಸಾಕ್ಷಿಯ ಹೇಳಿಕೆ ನಾಲ್ಕು ಸಲ ಬರೆದೆ. ನಾಲ್ಕನ್ನೂ ಹರಿದೆ. ನಾಲ್ಕರಲ್ಲೂ ಮೂರು ಪ್ಯಾರಾ. ಮೂರನೆಯದು ತಾನೇ ಬಂದು ಕೂರುತ್ತದೆ.

ಮಾರ್ಚ್ 5, ಗುರುವಾರ, ಬೆಳಿಗ್ಗೆ 9.20

ಡೀನ್ ಕಚೇರಿಯ ಹೊರಗಿನ ಬೆಂಚು. ಒಳಗೆ ಸಮಿತಿ. ಒಂಬತ್ತೂವರೆಗೆ ಕರೆಯುತ್ತಾರೆ. ಪುಸ್ತಕ ಚೀಲದಲ್ಲಿತ್ತು, ಈಗ ತೊಡೆಯ ಮೇಲೆ. ಕೊಡುತ್ತೇನೋ ಇಲ್ಲವೋ ಬೆಳಿಗ್ಗೆ ತನಕ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಡೆಸ್ ಬಂದ. ಟೈ ಕಟ್ಟಿದ್ದಾನೆ, ಸರಿಯಾಗಿ. ಪಕ್ಕದಲ್ಲಿ ಕೂತ.

ಇದು ಅವನ ಬದುಕು, ನನ್ನದಲ್ಲ. ಅದಕ್ಕೇ ಅವನ ಕೈಗೇ ಕೊಟ್ಟೆ. ಬ್ರಿನ್ ಹೆಸರಿದ್ದ ಜಾಗಕ್ಕೆಲ್ಲಾ ಹಳದಿ ಚೀಟಿ ಅಂಟಿಸಿದ್ದೆ. ಮೊದಲು ಅಕ್ಟೋಬರ್ ಪುಟ ಓದಿದ. "ಹೊಟ್ಟೆಕಿಚ್ಚಾ? ನಿಂಗಾ?" ಅಂತ ನಕ್ಕ. ಆಮೇಲೆ ಫೆಬ್ರವರಿ 19. ಎರಡು ಸಲ ಓದಿದ.

"ಮೂರನೇ ಸಾಲು ಅಲ್ವಾ? ಟೋಪಿ."

ಹಳದಿ ಚೀಟಿ ಏಳದ ಹಾಗೆ ಬೆರಳಿನಿಂದ ಒತ್ತಿದೆ.

"ನೋಡಿದ್ದೆ, ಡೊರೀನ್. ಮೂರು ಸಲಾನೂ ನೋಡಿದ್ದೆ."

ಗೋಡೆ ನೋಡುತ್ತಾ ಹೇಳಿದ. ಆ ವಾರವೇ ಕಾನೂನಿನ ಸುತ್ತೋಲೆ ಬಂದಿತ್ತಂತೆ, ಕ್ಲಾಸಿನಲ್ಲಿ ಆಡಿದ ಮಾತಿಗೂ ದೂರು ಕೊಡಬಹುದು ಅಂತ. ಆ ಹುಡುಗಿ ಏನು ಕೇಳುತ್ತಾಳೋ, ತಾನು ಏನು ಉತ್ತರ ಕೊಟ್ಟುಬಿಡುತ್ತೇನೋ, ಯಾರ ಫೋನಿನಲ್ಲಿ ಏನು ರೆಕಾರ್ಡ್ ಆಗುತ್ತದೋ — ಹೆದರಿಕೆ ಆಯಿತು. ಮುಂದಿನ ಸ್ಲೈಡಿಗೆ ಹೋದ.

"ಹನ್ನೊಂದು ವರ್ಷದಲ್ಲಿ ಎತ್ತಿದ ಕೈ ನಾನು ಬಿಟ್ಟವನಲ್ಲ. ಜಾಗ ಕೊಡು ಅಂತ ಕಾನೂನು ಬಂತಲ್ಲ, ಆ ವಾರವೇ ಬಿಟ್ಟೆ." ಕನ್ನಡಕ ತೆಗೆದು ಟೈಯಿಂದಲೇ ಒರೆಸಿದ. "ಅಂಥಾ ಪ್ರಶ್ನೆ ಕಣೇ ಅದು. ಇಡೀ ಸೆಮಿಸ್ಟರ್ ಅಂಥದ್ದೊಂದು ಪ್ರಶ್ನೆಗೆ ಕಾಯ್ತಿರ್ತೀನಿ."

ಪುಸ್ತಕ ನನ್ನ ತೊಡೆಯ ಮೇಲೆ ಇಟ್ಟ.

"ಇದನ್ನೂ ಬರಿ. ನಾನು ನೋಡಿದ್ದೆ ಅಂತಾನೂ ಬರಿ. ಎಲ್ಲಾ ಸೇರಿಸಿ ಕೊಡು."

"ಕೆಲಸ ಹೋಗತ್ತೆ, ಡೆಸ್."

"ಹೋಗಬಹುದು. ಬರಿ."

ಬರೆಯುತ್ತಿದ್ದೇನೆ. ಅವನು ಪಕ್ಕದಲ್ಲಿ ಕೂತು ನೋಡುತ್ತಿದ್ದಾನೆ, ನಾನು ಅವನ ಕ್ಲಾಸಿನಲ್ಲಿ ಹಿಂದೆ ಕೂತು ನೋಡಿದ ಹಾಗೆ. ಇದರಿಂದ ಅವನು ಉಳಿಯುತ್ತಾನೋ ಹೋಗುತ್ತಾನೋ, ನಾನು ಉಳಿಯುತ್ತೇನೋ, ಒಂದೂ ತಿಳಿಯದು.

ಬಾಗಿಲು ತೆರೆಯಿತು. ಬ್ರೆಂಟ್‌ನ ಸೆಕ್ರೆಟರಿ. "ಪ್ರೊಫೆಸರ್ ಕ್ಲಾಸೆನ್, ಸಮಿತಿಗೆ ಕೊಡೋ ಕಾಗದ ಏನಾದ್ರೂ ಇದ್ಯಾ?"

ಇದೆ ಅಂದೆ. ಕೈ ಚಾಚಿ ನಿಂತಿದ್ದಾಳೆ. ಒಂದೇ ನಿಮಿಷ, ಅಂದೆ.

ಇದರಲ್ಲಿ ಇರುವುದೆಲ್ಲಾ ನಾನು ಕಂಡದ್ದು, ಕೇಳಿದ್ದು. ಡೆಸ್ಮಂಡ್ ಪ್ಯೂ ಒಳ್ಳೆಯ ಮೇಷ್ಟ್ರು. ಒಂದು ದಿನ ಹೆದರಿದ. ನನ್ನ ಸಲಹೆ ಏನೂ ಇಲ್ಲ.